ಮೂರು ಅಂಗಡಿಗಳು ಮಾತಾಡಿಕೊಂಡ ಬೇಸಿಗೆ

ಮೊನ್ನೆ ಮೈಸೂರಿನ ಒಂದು ಗಲ್ಲಿಯಲ್ಲಿ ನಡೆದು ಹೋಗುತ್ತಿದ್ದಾಗ ವಾರ್ನಿಶ್ ವಾಸನೆ ಬಂತು. ಮರಕ್ಕೆ ಬಳಿಯುವ ವಾರ್ನಿಶ್ ಅಲ್ಲ. ಸುಟ್ಟುಹೋದ ಮೋಟಾರಿಗೆ ಹೊಸ ತಾಮ್ರದ ತಂತಿ ಸುತ್ತಿ, ಅದರ ಮೇಲೆ ಸುರಿದು, ಬಲ್ಬಿನ ಬಿಸಿಯಲ್ಲಿ ಒಣಗಿಸುತ್ತಾರಲ್ಲ, ಅದು. ಮೂಗಿಗೆ ಸಿಹಿ, ಗಂಟಲಿಗೆ ಖಾರ. ಜೊತೆಯಲ್ಲಿದ್ದವರು ಕರವಸ್ತ್ರ ತೆಗೆದರು. ನಾನು ನಿಂತು ಇನ್ನೊಂದು ಸಲ ಉಸಿರೆಳೆದುಕೊಂಡೆ. ಎರಡು ಸಾವಿರದ ಮೂರನೇ ಇಸವಿಯ ಬೇಸಿಗೆ ಪೂರ್ತಿ ಆ ವಾಸನೆಯಲ್ಲೇ ಕಳೆದವಳು ನಾನು. ಸೋತ ವರ್ಷಗಳೂ ನನ್ನ ಡೈರಿಗಳಲ್ಲಿ ಇವೆ, ಅವನ್ನೂ ಬಿಡದೆ ಬರೆದಿದ್ದೇನೆ. ಅದು ಮಾತ್ರ ಗೆದ್ದ ವರ್ಷ. ಮನೆಗೆ ಬಂದು ಆ ವರ್ಷದ ಡೈರಿ ತೆಗೆದು ಕೂತೆ.

ತುಮಕೂರಿನ ಶಿರಾ ಗೇಟಿನಲ್ಲಿ ನಮ್ಮ ಕುಟುಂಬದ್ದು ಪಂಪ್‌ಸೆಟ್ ಬಿಡಿಭಾಗಗಳ ಅಂಗಡಿ. ಬುಷ್, ಬೇರಿಂಗ್, ಶಾಫ್ಟ್, ಸ್ಟಾರ್ಟರ್, ಕೇಬಲ್, ಹೀಗೆ ಬೋರ್‌ವೆಲ್ಲಿಗೆ ಇಳಿಯುವ ಮೋಟಾರಿಗೆ ಏನೇನು ಬೇಕೋ ಎಲ್ಲ. ಹಿಂದಿನ ಶೆಡ್ಡಿನಲ್ಲಿ ಸುಟ್ಟ ಮೋಟಾರಿಗೆ ತಂತಿ ಸುತ್ತುವ ವೈಂಡಿಂಗ್ ಕೆಲಸ. ಗಲ್ಲಾದಲ್ಲಿ ಕೂರುತ್ತಿದ್ದವರು ಅಬ್ಬಾನ, ಅಂದರೆ ನನ್ನ ತಂದೆಯ, ಅಣ್ಣ, ನಮ್ಮ ಬಡೇ ಅಬ್ಬಾ. ಪಕ್ಕದಲ್ಲಿ ಬಿಲ್ ಹಾಕುತ್ತಿದ್ದವರು ಗಂಗಾಧರಯ್ಯ, ನಮಗೆಲ್ಲ ಗಂಗಣ್ಣ. ಕೋರದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದರು. ಊರಲ್ಲಿ ತೆಂಗಿನ ತೋಟ, ರಾಗಿ ಹೊಲ ಎರಡೂ ಇದ್ದವು. ಆದರೂ ಅಂಗಡಿಗೆ ಬರದೇ ಇದ್ದರೆ ಮಧ್ಯಾಹ್ನದ ಮುದ್ದೆ ಇಳಿಯುವುದಿಲ್ಲ ಅನ್ನುತ್ತಿದ್ದರು. ಗುಬ್ಬಿಯಲ್ಲಿ ನಮ್ಮ ಒಂದು ಶಾಖೆ, ಅದನ್ನು ನೋಡಿಕೊಳ್ಳುತ್ತಿದ್ದವನು ಬಡೇ ಅಬ್ಬಾನ ಮಗ ಇಮ್ರಾನ್. ಕುಣಿಗಲ್‌ನಲ್ಲಿ ಇನ್ನೊಂದು, ಅದು ಅಬ್ಬಾನದು.

ಮನೆಯಲ್ಲಿ ನಾವು ಉರ್ದು. ಅಂಗಡಿಯ ಮೆಟ್ಟಿಲು ಹತ್ತಿದ ಮೇಲೆ ಕನ್ನಡ ಬಿಟ್ಟರೆ ಬೇರೆ ಮಾತಿಲ್ಲ. ಅದು ಬಡೇ ಅಬ್ಬಾ ಮಾಡಿದ ಕಾನೂನು. ಗಿರಾಕಿಗೆ ತಿಳಿಯದ ಭಾಷೆಯಲ್ಲಿ ನಾವು ಗುಸುಗುಸು ಅಂದರೆ, ಅವನು ರೇಟಿನ ಬಗ್ಗೆಯೇ ಏನೋ ಅಂದರು ಅಂದುಕೊಳ್ಳುತ್ತಾನೆ ಎಂಬುದು ಅವರ ಲೆಕ್ಕ. ಹಾಗಾಗಿ ಅಂಗಡಿಯಲ್ಲಿ ನನಗೆ ಬೈಗುಳವೂ ಕನ್ನಡದಲ್ಲೇ ಬೀಳುತ್ತಿತ್ತು, ಗಿರಾಕಿಗಳೆಲ್ಲ ಕೇಳಿಸಿಕೊಳ್ಳುವ ಹಾಗೆ.

ಜನವರಿಯ ಒಂದು ಭಾನುವಾರ, ಎಲ್ಲರೂ ಊಟಕ್ಕೆ ಕೂತಿದ್ದಾಗ, ಬಡೇ ಅಬ್ಬಾ ಕುಣಿಗಲ್ ಅಂಗಡಿಯನ್ನು ಯುಗಾದಿಗೆ ಮುಚ್ಚೋಣ ಅಂದರು. ಕಟ್ಟಡದ ಕರಾರು ಆಗ ಮುಗಿಯುತ್ತಿತ್ತು. ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಮಾರ್ಕೋನಹಳ್ಳಿ ಕಡೆಯಿಂದ, ಸುತ್ತಲ ಹಳ್ಳಿಗಳಿಂದ ಕುಣಿಗಲ್‌ಗೆ ಬರುವ ರೈತ ಒಂದು ಬುಷ್ ಕೇಳುತ್ತಾನೆ. ಅಬ್ಬಾನ ಹತ್ತಿರ ಅದೊಂದೇ ಇರುವುದಿಲ್ಲ. ಅದೇ ಬುಷ್ ಗುಬ್ಬಿಯಲ್ಲಿ ಡಬ್ಬಿಗಟ್ಟಲೆ ಬಿದ್ದಿರುತ್ತದೆ. ರೈತ ಬರಿಗೈಯಲ್ಲಿ ಹೊರಗೆ ಹೋಗಿ ಬೇರೆಯವರ ಅಂಗಡಿ ಹತ್ತುತ್ತಾನೆ. ಬರಿಗೈಯಲ್ಲಿ ಕಳಿಸೋದಕ್ಕೆ ಒಂದು ಅಂಗಡಿ ಯಾಕೆ, ನೀನು ಇಲ್ಲಿಗೇ ಬಂದುಬಿಡು, ಕೌಂಟರ್ ನೋಡ್ಕೋ ಅಂತ ತಮ್ಮನಿಗೆ ಅಂದರು ಬಡೇ ಅಬ್ಬಾ.

ಅಬ್ಬಾ ತಟ್ಟೆಯ ಅನ್ನ ಕಲಸುತ್ತಲೇ ಇದ್ದರು. ಆ ಅಂಗಡಿಯ ರ‍್ಯಾಕುಗಳನ್ನು ಅವರೇ ಕೊಯ್ದು ಹೊಡೆದಿದ್ದರು, ಬೋರ್ಡಿನ ಅಕ್ಷರ ಅವರೇ ಬರೆದಿದ್ದರು. ಅದನ್ನು ಮುಚ್ಚಿದರೆ, ಐವತ್ತು ದಾಟಿದ ಮೇಲೆ ವಾಪಸು ಬಂದು ಅಣ್ಣನ ಗಲ್ಲಾದ ಪಕ್ಕ ಬುಷ್ ಎತ್ತಿಕೊಡುವ ಕೆಲಸಕ್ಕೆ ನಿಲ್ಲಬೇಕಿತ್ತು. ಅಣ್ಣನ ಮಾತಿಗೆ ಅವರು ಎದುರಾಡಿದವರಲ್ಲ. ಎದುರಾಡಿದ್ದು ನಾನು. ಅಲ್ಲೇ, ಕೈ ತೊಳೆಯುವ ಮೊದಲೇ.

ನಾನು ಹಿಂದಿನ ವರ್ಷ ಇಂಜಿನಿಯರಿಂಗ್ ಮುಗಿಸಿದ್ದೆ. ಆ ವರ್ಷ ಕೆಲಸ ಕೊಡುವವರು ನಮ್ಮ ಕಾಲೇಜಿನ ಕಡೆ ತಲೆ ಹಾಕಿರಲಿಲ್ಲ. ಶಿರಾ ಗೇಟಿನ ಅಂಗಡಿಯ ಕಂಪ್ಯೂಟರ್ ನೋಡಿಕೊಂಡಿದ್ದೆ. ಒಂದು ಪತ್ರಿಕೆಯ ಜೊತೆ ಬಂದ ಸಿಡಿಯಲ್ಲಿ ಪೈಥಾನ್ ಎಂಬ, ಪ್ರೋಗ್ರಾಮ್ ಬರೆಯುವ ಭಾಷೆ ಸಿಕ್ಕಿತ್ತು. ಅದರಲ್ಲಿ ಬಿಲ್ ಹಾಕುವ ಸ್ಕ್ರೀನನ್ನು ನಾನೇ ಹೊಸದಾಗಿ ಮಾಡಿದ್ದೆ. ಮೂರೂ ಅಂಗಡಿಯ ಸ್ಟಾಕ್ ಒಂದೇ ಸ್ಕ್ರೀನಿನಲ್ಲಿ ಕಾಣೋ ಹಾಗೆ ಮಾಡ್ತೀನಿ, ಕುಣಿಗಲ್‌ನಲ್ಲಿ ಕೇಳಿದ್ದು ಗುಬ್ಬಿಯಲ್ಲಿದ್ದರೆ ಬಸ್ಸಿಗೆ ಹಾಕಿ ಸಾಯಂಕಾಲದೊಳಗೆ ತರಿಸಿ ಕೊಡಬಹುದು, ಆಗ ಯಾರೂ ಬರಿಗೈಯಲ್ಲಿ ಹೋಗಲ್ಲ ಅಂದೆ. ಬಡೇ ಅಬ್ಬಾ, ಯುಗಾದಿವರೆಗೆ ಟೈಮ್ ಐತೆ, ಮಾಡು ಅಂದರು.

ಫೋನ್ ಮಾಡಿ ಕೇಳಿದರೆ ಸಾಲದೇ ಎಂದು ಓದುವವರಿಗೆ ಅನ್ನಿಸಬಹುದು. ಅದು ಇಮ್ರಾನ್ ಯಾರು ಅಂತ ಗೊತ್ತಿಲ್ಲದವರ ಪ್ರಶ್ನೆ. ಸೀಸನ್ನಿನಲ್ಲಿ ಗುಬ್ಬಿಗೆ ಫೋನ್ ಮಾಡಿ "ಒಂದೂವರೆ ಇಂಚಿನ..." ಅನ್ನುವಷ್ಟರಲ್ಲಿ ಆ ಕಡೆಯಿಂದ "ಇಲ್ಲ" ಬಂದಿರುತ್ತಿತ್ತು. ಸ್ಟೂಲಿನಿಂದ ಏಳದೇ ಹೇಳಿದ "ಇಲ್ಲ" ಅದು. ರ‍್ಯಾಕಿನಲ್ಲಿ ಇದೆಯೋ ಇಲ್ಲವೋ ಅವನಿಗೂ ಗೊತ್ತಿರುತ್ತಿರಲಿಲ್ಲ. ಇಮ್ರಾನನನ್ನು ಕೇಳದೆ ಇಮ್ರಾನನ ಅಂಗಡಿಯನ್ನು ಕೇಳುವ ದಾರಿ ಬೇಕಿತ್ತು.

ಮೂರೂ ಅಂಗಡಿಯಲ್ಲಿ ಒಂದೊಂದು ಕಂಪ್ಯೂಟರ್ ಇತ್ತು. ಸ್ಟಾಕ್ ಇಡುವ ಪ್ರೋಗ್ರಾಮನ್ನು ಯಾರೋ ಒಬ್ಬರು ಬಹಳ ಹಿಂದೆ ಸಿ ಭಾಷೆಯಲ್ಲಿ ಬರೆದುಕೊಟ್ಟು ಹೋಗಿದ್ದರು. ಅದನ್ನು ತಿರುಗಿ ಬರೆಯಲು ಹೊರಟರೆ ಯುಗಾದಿ ಅಲ್ಲ, ದೀಪಾವಳಿ ಆಗುತ್ತಿತ್ತು. ಆ ಹಳೆಯ ಸಿ ಕೋಡು ಹಾಗೇ ಇರಬೇಕು, ನನ್ನ ಪೈಥಾನ್ ಸ್ಕ್ರೀನು ಅದನ್ನು ಮಾತಾಡಿಸಬೇಕು, ಅದೂ ಫೋನ್ ಲೈನಿನ ಆಚೆ ತುದಿಯಲ್ಲಿ ಇರುವುದನ್ನು. ಹೀಗೆ ಒಂದು ಭಾಷೆಗೂ ಇನ್ನೊಂದಕ್ಕೂ ನಡುವೆ ಹೊಸಿಲಿನ ಹಾಗೆ ನಿಲ್ಲುವ ತುಂಡಿಗೆ ಎಕ್ಸ್‌ಟೆನ್ಷನ್ ಅನ್ನುತ್ತಾರೆ. ಆ ಕಡೆಯಿಂದ ಬಂದದ್ದನ್ನು ಈ ಕಡೆಯ ಮಾತಾಗಿ ಮಾಡಿ ಕೊಡುವುದು ಅದರ ಕೆಲಸ. ಮನೆಯ ಉರ್ದುವನ್ನು ಮೆಟ್ಟಿಲ ಮೇಲೆ ಬಿಟ್ಟು ಕನ್ನಡ ಎತ್ತಿಕೊಳ್ಳುವುದು ನನಗೆ ಹುಟ್ಟಿನಿಂದ ರೂಢಿ. ಈ ಕೆಲಸ ನನಗೆ ಬರುತ್ತದೆ ಅಂತ ಮೊದಲ ದಿನವೇ ಧೈರ್ಯ ಬಂದದ್ದು ಅದರಿಂದ.

ಚಳಿ ಬೇಗ ಹೋಯಿತು. ಬಕ್ರೀದ್ ಹೊತ್ತಿಗೆ ಹೆದ್ದಾರಿಯ ಧೂಳು ಕೌಂಟರಿನ ಗಾಜಿನ ಮೇಲೆ ಕೂರತೊಡಗಿತ್ತು. ಬೆಳಿಗ್ಗೆ ಒರೆಸಿದರೆ ಮಧ್ಯಾಹ್ನ ಬೆರಳಲ್ಲಿ ಹೆಸರು ಬರೆಯಬಹುದು. ಬೋರ್‌ವೆಲ್ಲಿನ ನೀರು ಕೆಳಗೆ ಇಳಿದಂತೆ, ವೋಲ್ಟೇಜ್ ಬಿದ್ದಂತೆ ಮೋಟಾರುಗಳು ಸುಡುತ್ತವೆ. ಟ್ರ್ಯಾಕ್ಟರಿನಲ್ಲಿ, ಆಟೋದಲ್ಲಿ, ಒಮ್ಮೊಮ್ಮೆ ಬಸ್ಸಿನ ಟಾಪಿನಲ್ಲಿ ಮಲಗಿಸಿಕೊಂಡು ತರುತ್ತಿದ್ದರು. ನಾನು ಶೆಡ್ಡಿನ ಪಕ್ಕದ ಮೇಜಿನ ಮೇಲೆ ಎರಡು ಕಂಪ್ಯೂಟರ್ ಅಕ್ಕಪಕ್ಕ ಇಟ್ಟುಕೊಂಡು, ಒಂದನ್ನು ಗುಬ್ಬಿ ಅಂದುಕೊಂಡು, ಇನ್ನೊಂದನ್ನು ಶಿರಾ ಗೇಟು ಅಂದುಕೊಂಡು ಬರೆಯುತ್ತಿದ್ದೆ.

ಮೇಜಿನ ಮೇಲೆ ಎಲ್ಲವೂ ಸರಿಯಾಗಿತ್ತು. ಕೇಳಿದ ಕೂಡಲೇ ಉತ್ತರ. ಗುಬ್ಬಿಗೂ ಕುಣಿಗಲ್‌ಗೂ ಮೋಡೆಮ್ ಹಾಕಿ, ಅದಕ್ಕೆಂದೇ ತೆಗೆದುಕೊಂಡ ಬೇರೆ ಫೋನ್ ಲೈನಿನ ಮೇಲೆ ನಿಜವಾಗಿ ಜೋಡಿಸಿದ ದಿನ ಇಮ್ರಾನನ ಅಂಗಡಿ ಉತ್ತರ ಕೊಟ್ಟಿತು. ಶಾಫ್ಟು, ಕಪ್ಲಿಂಗು, ಅದರ ಸಂಖ್ಯೆ, ಇಟ್ಟಿರುವ ರ‍್ಯಾಕು. ಗಂಗಣ್ಣ ಎದ್ದು ಬಂದು ಕನ್ನಡಕ ಮೇಲೆತ್ತಿ ನೋಡಿದರು.

"ಇಮ್ರಾನು ಎದ್ದು ನೋಡಿ ಹೇಳಿದ್ನಾ?"

"ಇಲ್ಲ ಗಂಗಣ್ಣ, ಅವನು ಕೂತೇ ಇದ್ದಾನೆ."

"ಹಂಗಾರೆ ನಂಬಬೋದು ಬುಡು."

ಮರುದಿನವೇ ಆ ನಂಬಿಕೆಗೆ ಪೆಟ್ಟು ಬಿತ್ತು. ಹೆಸರುಗಳು ಅರ್ಧಕ್ಕೆ ತುಂಡಾಗಿ ಬಂದವು. ಒಂದು ಸಾಲಿನ ಬಾಲ ಇನ್ನೊಂದರ ತಲೆಗೆ ಅಂಟಿಕೊಂಡಿತು. ಕೇಬಲ್ಲಿನ ಮೀಟರು ಬೇರಿಂಗಿನ ಲೆಕ್ಕವಾಯಿತು. ಗುಬ್ಬಿ ಕಳಿಸಿದ್ದೆಲ್ಲ ಒಂದೇ ಏಟಿಗೆ ಬಂದು ಬೀಳುತ್ತದೆ ಅಂತ ನಾನು ಅಂದುಕೊಂಡಿದ್ದೆ. ಪಕ್ಕದ ಮೇಜಿನಿಂದ ಹಾಗೇ ಬರುತ್ತಿತ್ತು. ಫೋನ್ ಲೈನಿನಲ್ಲಿ ಅದು ತುಂಡು ತುಂಡಾಗಿ ಬರುತ್ತದೆ. ಬಂದಷ್ಟನ್ನು ತಗೊಂಡು ಮುಗಿಯಿತು ಅಂದುಕೊಂಡರೆ ಮುಗಿದಿರುವುದಿಲ್ಲ.

ಇದಕ್ಕೆ ಪರಿಹಾರ ಹುಡುಕಲು ನಾನು ದೂರ ಹೋಗಬೇಕಾಗಿರಲಿಲ್ಲ. ಬಸ್ಸಿಗೆ ಹಾಕುವ ಪಾರ್ಸೆಲ್ಲಿನ ಮೇಲೆ ನಾವು "ಒಟ್ಟು ನಗ ಮೂರು" ಅಂತ ಬರೆಯುತ್ತೇವೆ. ನಗ ಅಂದರೆ ಕಟ್ಟು. ಇಳಿಸಿಕೊಳ್ಳುವವನು ಮೂರು ಕೈಗೆ ಬರುವ ತನಕ ಬಸ್ಸಿನ ಬಾಗಿಲು ಬಿಡುವುದಿಲ್ಲ. ನಾನೂ ಪ್ರತಿ ಉತ್ತರದ ತಲೆಗೆ ಅದರ ಉದ್ದವನ್ನು ಬರೆದೆ. ಅಷ್ಟೂ ಬರುವವರೆಗೆ ಎಕ್ಸ್‌ಟೆನ್ಷನ್ ಕಾಯುವಂತೆ, ಬಂದ ಮೇಲೆ ಮಾತ್ರ ಪೈಥಾನ್ ಕೈಗೆ ಕೊಡುವಂತೆ ಮಾಡಿದೆ. ಹೆಸರುಗಳು ಮತ್ತೆ ಇಡಿಯಾದವು. ಆ ವಾರ ಡೈರಿಯಲ್ಲಿ ಬರೆದ ಸಾಲು ಇದು: "ಮುಗೀತು. ಇನ್ನು ಸ್ಕ್ರೀನ್ ಚೆಂದ ಮಾಡೋದಷ್ಟೇ." ಓದಿ ಈಗ ನಗು ಬಂತು.

ಫೆಬ್ರವರಿ ಕೊನೆಯ ಒಂದು ಸೋಮವಾರ, ಅಂಗಡಿ ತುಂಬ ಜನ ಇರುವ ಹೊತ್ತು. ಗಂಗಣ್ಣ ಬಿಲ್ ಹಾಕುತ್ತಿದ್ದರು. ಬಿಲ್ ಸ್ಕ್ರೀನಿನ ಪಕ್ಕದಲ್ಲೇ ಕುಣಿಗಲ್‌ನ ಸ್ಟಾಕ್ ತಾನಾಗಿ ಬರುತ್ತಿತ್ತು. ಇದ್ದಕ್ಕಿದ್ದಂತೆ ಸ್ಕ್ರೀನು ಕಲ್ಲಾಯಿತು. ಕೀ ಒತ್ತಿದರೆ ಅಕ್ಷರವಿಲ್ಲ, ಮೌಸ್ ಅಲ್ಲಾಡಿಸಿದರೆ ಬಾಣ ಅಲ್ಲಾಡುತ್ತದೆ, ಮಿಕ್ಕಿದ್ದೇನೂ ಅಲ್ಲಾಡುವುದಿಲ್ಲ. ಅರ್ಧ ಬಿಲ್ಲು ಹಾಗೇ ನಿಂತಿತು. ಹಿಂದಿನಿಂದ ಜನ ಒತ್ತಿಕೊಂಡು ಬಂದರು. ಒಬ್ಬರು ಚೀಟಿಯಲ್ಲೇ ಬರ್ದು ಕೊಡ್ರಪ್ಪ ಬಸ್ಸು ಹೋಯ್ತದೆ ಅಂದರು. ಅಷ್ಟರಲ್ಲಿ ಫೋನ್ ಬಂತು. ಅಬ್ಬಾ. ಕುಣಿಗಲ್‌ನಲ್ಲಿ ಕರೆಂಟ್ ಹೋಗಿದೆ, ಕಂಪ್ಯೂಟರ್ ಆಫ್ ಆಯ್ತು, ಪರವಾಗಿಲ್ಲ ತಾನೇ ಎಂದು ಕೇಳಲು ಮಾಡಿದ್ದರು.

ಬಡೇ ಅಬ್ಬಾ ರಿಸೀವರ್ ಇಟ್ಟು ನನ್ನ ಕಡೆ ತಿರುಗಿದರು. ಎಲ್ಲರೂ ಕೇಳುವ ಕನ್ನಡದಲ್ಲಿ.

"ಕುಣಿಗಲ್‌ನಲ್ಲಿ ಕರೆಂಟ್ ಹೋದ್ರೆ ತುಮಕೂರಲ್ಲಿ ಬಿಲ್ ನಿಲ್ಲುತ್ತೆ. ಇದಾ ಬೇಟಾ ನೀನು ಮಾಡಿದ್ದು? ಮೊದಲು ಆ ಅಂಗಡಿ ತಾನೊಂದೇ ನಿಲ್ತಿತ್ತು. ಈಗ ನಮ್ಮನ್ನೂ ನಿಲ್ಲಿಸ್ತೈತೆ."

ಅಬ್ಬಾನ ಅಂಗಡಿ ಉಳಿಸಲು ಕಟ್ಟಿದ್ದೇ ಅದನ್ನು ಮುಚ್ಚಲು ಇನ್ನೊಂದು ಕಾರಣವಾಗಿ ನಿಂತಿತ್ತು. ಸಂಜೆ ಇಮ್ರಾನ್ ಗುಬ್ಬಿಯಿಂದ ಫೋನ್ ಮಾಡಿ, ಏನಮ್ಮಾ ಇಂಜಿನಿಯರ್, ನಾನು "ಇಲ್ಲ" ಅಂದ್ರೂ ಬಿಲ್ ಆದ್ರೂ ಆಗ್ತಿತ್ತಲ್ಲ ಅಂದ. ಅಬ್ಬಾ ರಾತ್ರಿ ಬಸ್ಸಿಳಿದು ಬಂದವರು ಅದರ ಮಾತೇ ಎತ್ತಲಿಲ್ಲ. ಅವರು ಕೇಳದೇ ಇದ್ದದ್ದು ಇಮ್ರಾನ್ ಆಡಿದ್ದಕ್ಕಿಂತ ಹೆಚ್ಚು ಚುಚ್ಚಿತು.

ಹೀಗಾಗಬಾರದು ಅಂತಲೇ ನಾನು ಮೊದಲಿನಿಂದ ಎಚ್ಚರ ವಹಿಸಿದ್ದೆ. ಬಿಲ್ ಹಾಕುವ ಕೆಲಸ ಒಂದು ಎಳೆಯಲ್ಲಿ, ಬೇರೆ ಅಂಗಡಿಗಳನ್ನು ಕೇಳುವ ಕೆಲಸ ಇನ್ನೊಂದು ಎಳೆಯಲ್ಲಿ. ಥ್ರೆಡ್ ಅನ್ನುತ್ತಾರೆ. ಒಂದು ಕಾಯುತ್ತಾ ನಿಂತರೂ ಇನ್ನೊಂದು ತನ್ನ ಪಾಡಿಗೆ ಓಡಬೇಕು. ಆದರೂ ಎರಡೂ ಒಟ್ಟಿಗೆ ನಿಂತಿದ್ದವು. ಬರೆದದ್ದನ್ನು ಪ್ರಿಂಟ್ ತೆಗೆದು, ಸಾಲುಸಾಲಿಗೆ ಟಿಕ್ ಹಾಕುತ್ತಾ ಓದಿದೆ. ಪ್ರತಿ ಸಾಲೂ ಸರಿ. ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು ಓಡಿಸಿದರೆ ಯಾವತ್ತೂ ನಿಲ್ಲುವುದಿಲ್ಲ. ಗಂಗಣ್ಣ ಆ ವಾರ ಬಿಲ್ಲನ್ನು ಕಾರ್ಬನ್ ಹಾಕಿ ಕೈಯಲ್ಲೇ ಬರೆದರು. ಕುಣಿಗಲ್ ಅಂಗಡಿಯಿಂದ ಬರಿಗೈಯಲ್ಲಿ ಹೋದವರಿಗೆ ಡೈರಿಯಲ್ಲಿ ತಲೆಗೊಂದು ಗೆರೆ ಹಾಕುವ ಅಭ್ಯಾಸ ನನಗಿತ್ತು. ಅಬ್ಬಾ ಊಟದ ಹೊತ್ತಿಗೆ ಆ ಲೆಕ್ಕ ಹೇಳುತ್ತಿದ್ದರು. ಆ ವಾರದ ಪುಟದಲ್ಲಿ ಗೆರೆಗಳು ಬೇಲಿ ಹಾಕಿದ ಹಾಗಿವೆ.

ಮಾರ್ಚ್ ಮೊದಲ ಶುಕ್ರವಾರ ಒಂದು ಘಟನೆ ನಡೆಯಿತು. ಇದನ್ನು ಹೇಳುವ ಮುಂಚೆ ನಮ್ಮ ಗಲ್ಲಾದ ಪದ್ಧತಿ ಹೇಳಬೇಕು. ಗಲ್ಲಾ ಪೆಟ್ಟಿಗೆಗೆ ಇದ್ದದ್ದು ಒಂದೇ ಕೀ, ಕಪ್ಪು ದಾರಕ್ಕೆ ಕಟ್ಟಿದ್ದು. ಅದು ಯಾರ ಕೈಲಿದೆಯೋ ಅವರೇ ಆ ಹೊತ್ತಿನ ಗಲ್ಲಾ. ಅವರನ್ನು ಬಿಟ್ಟು ಇನ್ನೊಬ್ಬರು ಬಿಲ್ಲಿಗೆ ಸೀಲು ಹಾಕುವಂತಿಲ್ಲ, ಚಿಲ್ಲರೆ ಕೊಡುವಂತಿಲ್ಲ, ಸರಕು ಹೊರಗೆ ಬಿಡುವಂತಿಲ್ಲ. ನಮಾಜ್ ಹೊತ್ತಾದಾಗ ಬಡೇ ಅಬ್ಬಾ ಏಳುತ್ತಾ ಕೀಯನ್ನು ಗಂಗಣ್ಣನ ಕೈಗೆ ಹಾಕುತ್ತಿದ್ದರು. ವಾಪಸು ಬಂದ ಮೇಲೆ ನೇರವಾಗಿ ಗಲ್ಲಾಕ್ಕೆ ಕೈ ಹಾಕುತ್ತಿರಲಿಲ್ಲ, ತಾವೇ ಯಜಮಾನರಾದರೂ. ಗಂಗಣ್ಣ ಕೈಯಲ್ಲಿದ್ದ ಬಿಲ್ಲು ಮುಗಿಸಿ ಕೀ ಕೊಡುವ ತನಕ ಟೋಪಿ ಮಡಚಿಕೊಂಡು ಪಕ್ಕದಲ್ಲಿ ನಿಂತಿರುತ್ತಿದ್ದರು. ಎರಡು ಕೈ ಒಂದೇ ಸಲ ಗಲ್ಲಾದೊಳಗೆ ಹೋದರೆ ಲೆಕ್ಕ ಯಾವತ್ತೂ ಸರಿಹೋಗಲ್ಲ ಎಂಬುದು ಅವರ ಅನುಭವ.

ಆ ಶುಕ್ರವಾರ ಜುಮ್ಮಾ ನಮಾಜಿಗೆ ತಡವಾಗಿತ್ತು. ಬಡೇ ಅಬ್ಬಾ ದಡಬಡ ಎದ್ದು, ಚಪ್ಪಲಿ ಮೆಟ್ಟಿಕೊಂಡು, ಕೀ ಜೇಬಿನಲ್ಲಿಟ್ಟುಕೊಂಡೇ ಹೊರಟುಹೋದರು. ಎಷ್ಟೋ ವರ್ಷಗಳಲ್ಲಿ ಅದೇ ಮೊದಲು. ಅಂಗಡಿಯಲ್ಲಿ ಜನ ಇದ್ದರು, ಸರಕು ಇತ್ತು, ಬಿಲ್ಲು ಬರೆದಾಗಿತ್ತು. ಗಂಗಣ್ಣ ಪೆನ್ನು ಹಿಡಿದು ಖಾಲಿ ಕೂತಿದ್ದರು. ಗುಬ್ಬಿ ಕಡೆಯ ಒಬ್ಬ ಮುದುಕರು ಕೈಯಲ್ಲಿ ನೋಟು ಹಿಡಿದು, ಸಾಹೇಬ್ರು ಎಲ್ಲಿ ಅಂತ ಕೇಳಿದರು. ನಮಾಜಿಗೆ ಹೋಗವ್ರೆ, ಕೂತ್ಕಳಿ ಅಂದರು ಗಂಗಣ್ಣ. ಹಂಗಾರೆ ನೀವೇ ಕೊಡಿ, ನೀವು ಇಲ್ಲೇ ಇದೀರಲ್ಲ ಅಂದರು ಮುದುಕರು.

"ನಾನು ಇದೀನಿ ಕಣಣ್ಣ. ಕೀ ಇಲ್ಲ. ಹೊರಗೆ ಹೋದೋರು ಕೀ ಇಟ್ಕಂಡು ಹೋದ್ರೆ ಇಲ್ಲಿರೋರು ಏನ್ ಮಾಡಾಕಾಯ್ತದೆ?"

ಅವರು ಬೇಸರಕ್ಕೆ ಆಡಿದ ಮಾತು. ನಾನು ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟೆ. ಪೈಥಾನ್ ಒಳಗೂ ಅಂಥದ್ದೇ ಒಂದು ಕೀ ಇದೆ. ಎಳೆಗಳು ಎಷ್ಟೇ ಇರಲಿ, ಒಂದು ಹೊತ್ತಿಗೆ ಆ ಕೀ ಹಿಡಿದ ಒಂದು ಎಳೆ ಮಾತ್ರ ನಡೆಯುತ್ತದೆ. ಬರೀ ಪೈಥಾನಿನಲ್ಲಿ ಬರೆದಾಗ ಅದು ತಾನೇ ಕೈಯಿಂದ ಕೈಗೆ ಕೊಟ್ಟುಕೊಳ್ಳುತ್ತದೆ. ಎಕ್ಸ್‌ಟೆನ್ಷನ್ ಒಳಗೆ, ಸಿ ಕಡೆ ಹೋದ ಮೇಲೆ, ಕೊಡುವುದು ಬರೆದವರ ಜವಾಬ್ದಾರಿ. ನಾನು ಕುಣಿಗಲ್‌ನ ಉತ್ತರಕ್ಕಾಗಿ ಕಾಯಲು ಹೋಗುವಾಗ ಕೀಯನ್ನು ಜೇಬಿನಲ್ಲಿಟ್ಟುಕೊಂಡೇ ಹೋಗಿದ್ದೆ. ಕುಣಿಗಲ್ ಉತ್ತರ ಕೊಡದೇ ಹೋದಾಗ ಕೀ ಸಮೇತ ನಾನೂ ಅಲ್ಲೇ ನಿಂತೆ. ಮೇಜಿನ ಮೇಲೆ ಕಾಯುವುದೇ ಇರಲಿಲ್ಲ, ಆದ್ದರಿಂದ ಗೊತ್ತಾಗಲಿಲ್ಲ. ಕಾಯುವ ಮುಂಚೆ ಬಿಡಿ, ಬಂದ ಮೇಲೆ ತಿರುಗಿ ಪಡೆಯಿರಿ ಎಂದು ಕೈಪಿಡಿಯಲ್ಲಿ ಎರಡು ಸಾಲು ಇದ್ದವು. ಓದಿದ್ದೆ, ಟಿಕ್ ಕೂಡ ಹಾಕಿದ್ದೆ, ಇದು ನನಗಲ್ಲ ಅಂದುಕೊಂಡು ಮುಂದೆ ಹೋಗಿದ್ದೆ.

ಬಡೇ ಅಬ್ಬಾ ಅರ್ಧ ದಾರಿಯಲ್ಲಿ ಜೇಬು ಮುಟ್ಟಿಕೊಂಡು ಓಡಿ ಬಂದು ಕೀ ಎಸೆದು ಮತ್ತೆ ಓಡಿದರು. ನಾನು ಆಗಲೇ ಮೇಜಿನ ಹತ್ತಿರ ಇದ್ದೆ.

ಎರಡು ಸಾಲು ಸೇರಿಸಿದೆ. ಒಂದು ಕಂಪ್ಯೂಟರನ್ನು ಕುಣಿಗಲ್ ಅಂದುಕೊಂಡು ಇಟ್ಟು, ಉತ್ತರದ ನಡುವೆಯೇ ಪ್ಲಗ್ ಕಿತ್ತೆ. ಬಿಲ್ ಸ್ಕ್ರೀನು ನಿಲ್ಲಲಿಲ್ಲ. ಕುಣಿದಾಡುವಷ್ಟು ಖುಷಿ. ಪ್ಲಗ್ ಹಾಕಿ ಇನ್ನೊಂದು ಸಲ ಮಾಡಿದೆ. ಈ ಸಲ ನಿಲ್ಲುವುದಿರಲಿ, ಇಡೀ ಪ್ರೋಗ್ರಾಮೇ ಸ್ಕ್ರೀನಿನಿಂದ ಮಾಯವಾಯಿತು. ಒಂದು ಸಲ ಸರಿ, ಒಂದು ಸಲ ಮಾಯ.

ಆದರೆ ಈ ಸಲ ನಾನು ಹೆದರಲಿಲ್ಲ. ಎಲ್ಲಿ ನೋಡಬೇಕು ಅಂತ ಗೊತ್ತಿತ್ತು. ಕೀ ಬಿಟ್ಟುಕೊಟ್ಟ ಮೇಲೆ, ಮತ್ತೆ ಪಡೆಯುವ ಮುಂಚೆ ಏನೇನು ಮಾಡುತ್ತಿದ್ದೇನೆ ಅಂತ ಮಾತ್ರ ಹುಡುಕಿದೆ. ಸಿಕ್ಕಿತು. ಕುಣಿಗಲ್‌ನಿಂದ ಬಂದ ಅಕ್ಷರಗಳನ್ನು ಅಲ್ಲೇ, ಕೀ ಇಲ್ಲದ ಹೊತ್ತಲ್ಲೇ, ಪೈಥಾನಿನ ಮಾತಾಗಿ ಮಾಡುತ್ತಿದ್ದೆ. ಗಂಗಣ್ಣ ಬಿಲ್ ಹಾಕುತ್ತಿರುವಾಗಲೇ ಗಲ್ಲಾದೊಳಗೆ ಇನ್ನೊಂದು ಕೈ ಹಾಕಿದ ಹಾಗೆ. ಆ ಸಾಲನ್ನು ಕೆಳಗೆ ಇಳಿಸಿದೆ. ಈಗ ಕ್ರಮ ಹೀಗಾಯಿತು: ಕೀ ಕೊಡು, ಹೊರಗೆ ಕಾಯಿ, ಬಂದದ್ದನ್ನು ಸಿ ಕಡೆಯ ಚೀಲದಲ್ಲೇ ಹಿಡಿದುಕೋ, ಕೀ ಕೈಗೆ ಬರುವ ತನಕ ಪಕ್ಕದಲ್ಲಿ ನಿಲ್ಲು, ಆಮೇಲೆ ಚೀಲ ಬಿಚ್ಚು. ಕಾಯುವುದಕ್ಕೂ ಒಂದು ಮಿತಿ ಇಟ್ಟೆ. ಅಷ್ಟರಲ್ಲಿ ಉತ್ತರ ಬಾರದಿದ್ದರೆ ಸ್ಕ್ರೀನಿನಲ್ಲಿ ಆ ಊರಿನ ಹೆಸರಿನ ಮುಂದೆ "ಲೈನ್ ಇಲ್ಲ" ಅಂತ ಬರಬೇಕು, ಲೈನ್ ಬಂದಾಗ ತಾನೇ ಸರಿಹೋಗಬೇಕು.

ಪ್ಲಗ್ ಕಿತ್ತು ಹಾಕಿ, ಕಿತ್ತು ಹಾಕಿ, ಶೆಡ್ಡಿನವರೆಲ್ಲ ಇವಳಿಗೇನಾಯ್ತು ಅಂತ ನೋಡುವ ಹಾಗೆ ಪರೀಕ್ಷೆ ಮಾಡಿದೆ. ಒಂದು ಸಲವೂ ಬೀಳಲಿಲ್ಲ. ಆ ದಿನ ಡೈರಿಯಲ್ಲಿ "ಮುಗೀತು" ಅಂತ ಬರೆಯಲಿಲ್ಲ. "ಗಂಗಣ್ಣ ನಾಳೆಯಿಂದ ಕಾರ್ಬನ್ ಬಿಡಬಹುದು" ಅಂತ ಬರೆದೆ.

ಹೊಂಗೆ ಮರಗಳು ಹೂ ಉದುರಿಸತೊಡಗಿದ್ದವು. ಬಿಸಿಲು ಎಷ್ಟು ಜೋರಿತ್ತೆಂದರೆ ಹೊರಗೆ ನಿಲ್ಲಿಸಿದ ಪೈಪುಗಳನ್ನು ಬಟ್ಟೆ ಸುತ್ತಿ ಎತ್ತಬೇಕಾಗುತ್ತಿತ್ತು. ಯುಗಾದಿಗೆ ಮುಂಚಿನ ವಾರ, ಸೀಸನ್ನಿನ ತುದಿ. ಬೆಳಿಗ್ಗೆಯಿಂದ ಕೌಂಟರಿಗೆ ಕೈ ಊರಲು ಜಾಗವಿಲ್ಲ. ನಾನು ಗಂಗಣ್ಣನ ಹಿಂದೆ ನಿಂತಿದ್ದೆ. ನೋಡುತ್ತಿದ್ದ ಹಾಗೇ ಕುಣಿಗಲ್ ಮುಂದೆ "ಲೈನ್ ಇಲ್ಲ" ಅಂತ ಬಂತು. ಗಂಗಣ್ಣ ಅದನ್ನು ನೋಡಲೂ ಇಲ್ಲ. ಒಂದು ಬಿಲ್ಲು ಹಾಕಿದರು, ಹರಿದು ಕೊಟ್ಟರು, ಇನ್ನೊಂದು ಹಾಕಿದರು. ಬಡೇ ಅಬ್ಬಾ ಚಿಲ್ಲರೆ ಎಣಿಸಿ ಕೊಡುತ್ತಲೇ ಇದ್ದರು. ಸ್ವಲ್ಪ ಹೊತ್ತಿನ ಮೇಲೆ ಆ ಎರಡು ಪದ ಹೋಗಿ ಅಬ್ಬಾನ ಅಂಗಡಿಯ ಸ್ಟಾಕ್ ತಿರುಗಿ ಸಾಲಾಗಿ ಬಂದು ಕೂತಿತು. ಫೋನ್ ಹೊಡೆದುಕೊಂಡಿತು. ನಾನೇ ಎತ್ತಿದೆ.

"ಇಲ್ಲಿ ಕರೆಂಟ್ ಹೋಗಿ ಬಂತು. ಅಲ್ಲಿ ಏನಾದ್ರೂ ಆಯ್ತಾ?" ಅಬ್ಬಾನ ದನಿ ಸಣ್ಣದಾಗಿತ್ತು.

"ಯಾರಿಗೂ ಗೊತ್ತೇ ಆಗಿಲ್ಲ ಅಬ್ಬಾ."

ಅಬ್ಬಾ, ಮಾರ್ಕೋನಹಳ್ಳಿ ಕಡೆಯ ಒಬ್ಬರು ನಿಂತಿದ್ದಾರೆ, ಸ್ಟಾರ್ಟರ್ ಬೇಕು, ಗುಬ್ಬಿಯಲ್ಲಿದೆ ಅಂತ ಸ್ಕ್ರೀನ್ ತೋರಿಸ್ತಾ ಇದೆ, ಇಮ್ರಾನ್‌ಗೆ ಹೇಳಿ ಮಧ್ಯಾಹ್ನದ ಬಸ್ಸಿಗೆ ಹಾಕಿಸು ಅಂದರು. ನಾನು ಗುಬ್ಬಿಗೆ ಫೋನ್ ಮಾಡಿದೆ. ಇಮ್ರಾನ್ ಅಭ್ಯಾಸಬಲದಿಂದ ಇಲ್ಲ ಅಂದ. ಮೂರನೇ ರ‍್ಯಾಕು, ಕೆಳಗಿನ ಅರೆ, ನಾಲ್ಕು ಇದೆ, ಎದ್ದು ನೋಡು ಅಂದೆ. ಸ್ಟೂಲು ಜರುಗಿದ ಸದ್ದು ಫೋನಿನಲ್ಲಿ ಸ್ಪಷ್ಟವಾಗಿ ಕೇಳಿಸಿತು. ಹೋಗಿ ಬಂದು, ನಮ್ಮ ಅಂಗಡಿಗೆ ಕಣ್ಣು ಇಟ್ಟಿದ್ದೀಯಲ್ಲೇ, ಇನ್ಮೇಲೆ ಕೂತ್ಕೊಂಡು ಟೀ ಕುಡಿಯೋದೂ ಕಷ್ಟ ಅಂದ. ಸ್ಟಾರ್ಟರ್ ಗುಬ್ಬಿಯಿಂದ ತುಮಕೂರಿಗೆ, ತುಮಕೂರಿನಿಂದ ಕುಣಿಗಲ್‌ಗೆ ಕಂಡಕ್ಟರುಗಳ ಕೈಯಲ್ಲಿ ಹೋಯಿತು. ಆ ರೈತ ಕುಣಿಗಲ್ ಪೇಟೆಯಲ್ಲೇ ಊಟ ಮಾಡಿ, ಮಿಕ್ಕ ಕೆಲಸ ಮುಗಿಸಿಕೊಂಡು, ಸಂಜೆ ಬಂದು ತೆಗೆದುಕೊಂಡು ಹೋದರಂತೆ. ಆ ವಾರದ ಪುಟದಲ್ಲಿ ನಾನು ಒಂದೂ ಗೆರೆ ಹಾಕಲಿಲ್ಲ.

ಬಡೇ ಅಬ್ಬಾ ಮಾತ್ರ ಅಂಗಡಿ ಮುಚ್ಚುವ ಮಾತನ್ನು ವಾಪಸು ತೆಗೆದುಕೊಂಡಿರಲಿಲ್ಲ. ಯುಗಾದಿ ಹತ್ತಿರ ಬಂತು. ಅಬ್ಬಾ ಕೇಳುವವರಲ್ಲ. ನನಗೂ ಕೇಳಲು ಬಾಯಿ ಬರಲಿಲ್ಲ.

ಹಬ್ಬಕ್ಕೆ ಎರಡು ದಿನ ಇರುವಾಗ, ಮಧ್ಯಾಹ್ನ, ಹೆಬ್ಬೂರಿನ ಕಡೆಯ ಒಬ್ಬ ರೈತರು ಶಿರಾ ಗೇಟಿನ ಅಂಗಡಿಗೆ ಬಂದರು. ಅವರದು ಹಳೆಯ ಮಾದರಿಯ ಮೋಟಾರು, ಅದರ ಥ್ರಸ್ಟ್ ಬೇರಿಂಗ್ ಬೇಕು. ಗಂಗಣ್ಣ ಊಟಕ್ಕೆ ಎದ್ದಿದ್ದರು. ಬಡೇ ಅಬ್ಬಾ ತಾವೇ ಕನ್ನಡಕ ಹಾಕಿಕೊಂಡು, ಒಂದೇ ಬೆರಳಿನಲ್ಲಿ ಒಂದೊಂದೇ ಕೀ ಒತ್ತಿ ಹುಡುಕಿದರು. ತುಮಕೂರು, ಇಲ್ಲ. ಗುಬ್ಬಿ, ಇಲ್ಲ. ಕುಣಿಗಲ್, ಎರಡು. ಅವರು ಬಹಳ ಹೊತ್ತು ಆ ಎರಡನ್ನೇ ನೋಡಿದರು.

"ಹೆಬ್ಬೂರೋರು ಅಂದ್ರಿ ತಾನೇ? ಕುಣಿಗಲ್ ಬಸ್ ಹತ್ತಿ. ಅಲ್ಲಿ ಐತೆ."

"ಕುಣಿಗಲ್‌ನಾಗಾ? ದೊಡ್ಡ ಅಂಗಡಿ ಇದೇ ಅಲ್ವಾ ಸಾಹೇಬ್ರೇ? ಇಲ್ಲೇ ಇಲ್ದಿದ್ದು ಅಲ್ಲಿದ್ದಾತಾ?"

"ಅದೂ ದೊಡ್ಡ ಅಂಗಡೀನೇ. ನನ್ನ ತಮ್ಮನದು. ನಾನು ಕಳಿಸಿದೆ ಅಂತ ಹೇಳಿ..." ಅಂದವರು ತಡೆದು, ಕೈ ಅಡ್ಡ ಆಡಿಸಿದರು. "ಬೇಡ, ಏನೂ ಹೇಳಬೇಡಿ. ಹೋಗಿ ಕೇಳಿ, ಕೊಡ್ತಾನೆ."

ರೈತರು ಅನುಮಾನದಿಂದಲೇ ಮೆಟ್ಟಿಲಿಳಿದರು. ಬಡೇ ಅಬ್ಬಾ ಫೋನ್ ಎಳೆದುಕೊಂಡು ಕುಣಿಗಲ್‌ಗೆ ಹಾಕಿದರು. ಅಂಗಡಿಯಲ್ಲಿ ಬೇರೆ ಗಿರಾಕಿ ಯಾರೂ ಇರಲಿಲ್ಲ, ಆದರೂ ಕನ್ನಡದಲ್ಲೇ ಮಾತಾಡಿದರು. ಆ ಹಳೇ ಥ್ರಸ್ಟ್ ಬೇರಿಂಗ್ ಒಂದನ್ನ ತೆಗೆದಿಡು, ನನ್ನ ಗಿರಾಕಿ ಬರ್ತಾ ಇದಾರೆ ಅಂದರು. ಆಮೇಲೆ ಬೇರೆ ಮಾತೇನೋ ಅನ್ನುವಂತೆ, ಕಟ್ಟಡದ ಯಜಮಾನರಿಗೆ ಹಬ್ಬ ಆದ ಮೇಲೆ ನಾನೇ ಬರ್ತೀನಿ ಅಂತ ತಿಳಿಸು, ಇನ್ನೊಂದು ಐದು ವರ್ಷಕ್ಕೆ ಬರೆಸೋಣ ಅಂದರು. ಅಬ್ಬಾ ಏನಂದರೋ ನನಗೆ ಕೇಳಿಸಲಿಲ್ಲ. ಬಡೇ ಅಬ್ಬಾ "ಹೂಂ" ಅಂದು ಇಟ್ಟರು.

ಅವರು ಗಲ್ಲಾಕ್ಕೆ ವಾಪಸು ಹೋಗಲಿಲ್ಲ. ಗಂಗಣ್ಣನ ಕುರ್ಚಿಯಲ್ಲೇ ಕೂತು, ಗಿರಾಕಿ ಬಂದಾಗ ಎದ್ದು, ಮತ್ತೆ ಬಂದು ಕೂತು ಸ್ಕ್ರೀನ್ ನೋಡುತ್ತಿದ್ದರು. ಗಂಗಣ್ಣ ಊಟ ಮುಗಿಸಿ ಬಂದು ಹಿಂದೆ ನಿಂತರು, ಏಳಿ ಅನ್ನಲಿಲ್ಲ. ನಾನು ಅವರ ಪಕ್ಕ. ಕುಣಿಗಲ್ ಬಸ್ಸು ಹೋಗಿ ಮುಟ್ಟುವ ಹೊತ್ತು ಕಳೆಯಿತು. ಇನ್ನೂ ಸ್ವಲ್ಪ ಹೊತ್ತು ಕಳೆಯಿತು. ಆಗ, ಮೂವರೂ ನೋಡುತ್ತಿದ್ದ ಹಾಗೆಯೇ, ಕುಣಿಗಲ್‌ನ ಸಾಲಿನಲ್ಲಿದ್ದ ಎರಡು ಒಂದಾಯಿತು.

"ತಗೊಂಡ್ರು," ಅಂದರು ಬಡೇ ಅಬ್ಬಾ.